ಬೇವಿನ ಎಲೆ ಚಿತ್ರ ನೋಡಿ ಸೊಳ್ಳೆ ಕಡ್ಡಿ ತಂದೆ, ಮಗು ಉಸಿರಿಗೆ ಒದ್ದಾಡಿತು

ಕಲಬುರಗಿಯವರು, ಅದರಲ್ಲೂ ಮನೆಯಲ್ಲಿ ಸಣ್ಣ ಮಕ್ಕಳಿರುವವರು ದಯವಿಟ್ಟು ಓದಿ.

ಮಳೆ ಶುರುವಾದ ಮೇಲೆ ನಮ್ಮ ಓಣಿಯಲ್ಲಿ ಸೊಳ್ಳೆ ಕಾಟ ಜಾಸ್ತಿಯಾಗಿತ್ತು. ಸೂಪರ್ ಮಾರ್ಕೆಟ್ ಹತ್ತಿರ ಒಂದು ಗಾಡಿಯಲ್ಲಿ ಸೊಳ್ಳೆಗೆ ಹಚ್ಚುವ ಊದಿನಕಡ್ಡಿ ಇಟ್ಟಿದ್ದರು. "ಅಕ್ಕಾ, ಒಂದ ಕಡ್ಡಿ ಹಚ್ರಿ, ಒಂದೂ ಸೊಳ್ಳಿ ಉಳಿಯಂಗಿಲ್ಲ" ಅಂದರು. ಪೊಟ್ಟಣದ ಮೇಲೆ ಬೇವಿನ ಎಲೆ. ಬೇವು ತಾನೇ, ಏನಾಗುತ್ತೆ ಅಂತ ತಂದೆ.

ಮೂರು ರಾತ್ರಿ ಕಿಟಕಿ ಬಾಗಿಲು ಮುಚ್ಚಿ ಹಚ್ಚಿದೆ. ಬೆಳಿಗ್ಗೆ ಕಸ ಹೊಡೆದರೆ ಸತ್ತ ಸೊಳ್ಳೆ ರಾಶಿ. ಖುಷಿಯೇ ಆಗಿತ್ತು. ನಾಲ್ಕನೇ ರಾತ್ರಿ ಎರಡು ಗಂಟೆಗೆ ಅತ್ತೆ ಎಬ್ಬಿಸಿದರು. "ಕೂಸು ಯಾಕೋ ತೇಕ್ಲತ್ತದ ನೋಡು." ಮೂರು ವರ್ಷದ ಮಗ ಎದ್ದು ಕೂತಿದ್ದ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುತ್ತಿತ್ತು. ಎದೆಯಲ್ಲಿ ಸುಂಯ್ ಅನ್ನುವ ಸದ್ದು. ಅಳೋಕೂ ಉಸಿರು ಸಾಲುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನೆಬುಲೈಸರ್ ಹಾಕಿದರು. ಡಾಕ್ಟರ್ ಮೊದಲು ಕೇಳಿದ್ದೇ "ರಾತ್ರಿ ಮನ್ಯಾಗ ಏನ್ ಹಚ್ತೀರಿ?" ಅಂತ. ಹೊಗೆಯಿಂದಲೇ ಕೆರಳಿರಬೇಕು ಅಂದರು.

ಮನೆಗೆ ಬಂದು ಪೊಟ್ಟಣ ತಿರುಗಿಸಿ ನೋಡಿದೆ. ಒಳಗೆ ಯಾವ ಔಷಧಿ ಅಂತ ಇಲ್ಲ, ಮಾಡಿದವರ ವಿಳಾಸ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಸೊಳ್ಳೆ ಕೊಲ್ಲುವ ಔಷಧಿ ನೋಂದಣಿಯಾಗದೆ ಮಾರುವ ಹಾಗೇ ಇಲ್ಲ. ಇಂಥ ಕಳ್ಳ ಕಡ್ಡಿಗಳಲ್ಲಿ ಮೆಪರ್‌ಫ್ಲುಥ್ರಿನ್ ಅನ್ನುವ ಕೀಟನಾಶಕ ಸಿಕ್ಕಿದ್ದಿದೆ. ನಮ್ಮದರಲ್ಲಿ ಏನಿತ್ತು ಅಂತ ಕೇಳೋಣ ಅಂದರೆ ಆ ಗಾಡಿಯೇ ಈಗ ಅಲ್ಲಿಲ್ಲ.

ನೋಂದಣಿ ಇರುವ ಸೊಳ್ಳೆ ಬತ್ತಿಯೂ (ಸುರುಳಿ ಕಾಯಿಲ್) ಮುಚ್ಚಿದ ಕೋಣೆಗೆ ಬೇಡ. ಒಂದು ಬತ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಗಾಳಿಗೆ ಸೇರುತ್ತೆ ಅಂತ 2003ರ ಒಂದು ಅಧ್ಯಯನ ಹೇಳಿದೆ. ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ ಬಾಟಲಿ ಮಕ್ಕಳ ಕೈಗೆ ಸಿಗದಿರಲಿ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಈಗ ಮಗ ಸೊಳ್ಳೆ ಪರದೆಯೊಳಗೆ ಮಲಗುತ್ತಾನೆ. ಮೊನ್ನೆ ಬೇಸಿಗೆಯ ಕೂಲರ್ ಮುಚ್ಚಳ ತೆಗೆದೆ. ತಳದ ಹಳೇ ನೀರಲ್ಲಿ ಸೊಳ್ಳೆ ಮರಿಗಳು ಮಿಜಿಮಿಜಿ ಅನ್ನುತ್ತಿದ್ದವು. ನಮ್ಮ ಓಣಿಯಲ್ಲಿ ಎಲ್ಲರ ಕಿಟಕಿಗೂ ಕೂಲರ್ ಇದೆ. ನಿಮ್ಮದನ್ನೂ ಇವತ್ತೇ ಬಗ್ಗಿಸಿ, ಉಜ್ಜಿ ಒಣಗಿಸಿ.