ಕ್ರಿಂಪ್ ತೆಗೆಯಲು ರೀಮರ್ ಒಳ್ಳೆಯದೋ, ಸ್ವೇಜರೋ?

ಹಾರಿಸಿದ ಬಂದೂಕಿನ ತೋಟಾಗಳ ಖಾಲಿ ಕೇಸ್ (ಕವಚ) ಮತ್ತೆ ತುಂಬಿಸುವವರಿಗೆ ಈ ಪ್ರಶ್ನೆ. ಮಿಲಿಟರಿಗೆಂದು ತಯಾರಾದ 5.56, 7.62 ಮಿ.ಮೀ. ತೋಟಾಗಳ ಹಿತ್ತಾಳೆ ಕೇಸ್‌ಗಳಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಕಳಚದಂತೆ ಅದು ಕೂರುವ ಕುಳಿಯ, ಅಂದರೆ ಪಾಕೆಟ್‌ನ ಅಂಚನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಇದೇ ಕ್ರಿಂಪ್. ಹಳೇ ಪ್ರೈಮರ್ ಹೊರಬಂದರೂ ಆ ಅಂಚು ಉಳಿಯುತ್ತದೆ. ಅದನ್ನು ಸರಿಮಾಡದೆ ಹೊಸ ಪ್ರೈಮರ್ ಅನ್ನು ಬಲವಂತವಾಗಿ ಒತ್ತಲೇಬೇಡಿ, ಸಿಡಿಯಬಹುದು.

ರೀಮರ್ ಅಂಚನ್ನು ಕೆತ್ತಿ ತೆಗೆಯುತ್ತದೆ. ಅಗ್ಗ, ಕಲಿಯುವುದೂ ಸುಲಭ. ಆದರೆ ಕೆತ್ತಿದ ಲೋಹ ವಾಪಸ್ ಬರುವುದಿಲ್ಲ ಅಲ್ವಾ? ಸ್ವಲ್ಪ ಜಾಸ್ತಿಯಾದರೂ ಪಾಕೆಟ್ ಸಡಿಲವಾಗಿ ಕೇಸ್ ಗುಜರಿಗೇ ಹೋಗುತ್ತದೆ. ಅಂಚು ಹೋದ ಕೂಡಲೇ ಕೈ ನಿಲ್ಲಿಸಿ.

ಸ್ವೇಜರ್ ಕೆತ್ತುವುದಿಲ್ಲ. ಗಟ್ಟಿ ಉಕ್ಕಿನ ಕಡ್ಡಿಯಿಂದ ಲೋಹವನ್ನು ಪಕ್ಕಕ್ಕೆ ಒತ್ತುತ್ತದೆ. ಬೆಲೆ ಜಾಸ್ತಿ. ಕೇಸ್ ತಳದ ದಪ್ಪ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಥರ. ಹಾಗಾಗಿ ತಳದ ಮುದ್ರೆ ನೋಡಿ ವಿಂಗಡಿಸಿ, ಪ್ರತಿ ಗುಂಪಿಗೂ ಸ್ವೇಜರ್ ಅನ್ನು ಹೊಸದಾಗಿ ಹೊಂದಿಸಬೇಕು.

ರಾಶಿ ಕೇಸ್ ಇದ್ದರೆ ನನ್ನ ಮತ ಸ್ವೇಜರ್‌ಗೇ. ಬೆರಳೆಣಿಕೆಯಷ್ಟಿದ್ದರೆ ರೀಮರ್ ಸಾಕು. ಒಂದು ಕೇಸ್‌ಗೆ ಈ ಕೆಲಸ ಒಮ್ಮೆ ಮಾತ್ರ.