ಕ್ಯಾಲೆಂಡರ್, ಸ್ಮಾರ್ಟ್ ಪ್ಲಗ್, ಸ್ಮಾರ್ಟ್ ಮೀಟರ್: ಮೂರನ್ನೂ ನೋಡಿದ್ದಾಯ್ತು

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಕೂಲರ್ ಆರಿಸುವ ಮಾತೇ ಇಲ್ಲ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ದಿನಕ್ಕೆ ಆರೂವರೆಯಲ್ಲಿ ಸಂಸಾರ ನಡೀಬೇಕು. ಅದಕ್ಕೇ ದಿನಾ ಲೆಕ್ಕ ಇಡುವ ಮೂರು ದಾರಿ ನೋಡಿದೆ.

ಮೊದಲನೆಯದು ಪುಕ್ಕಟೆ. ಬೆಳಿಗ್ಗೆ ಹಾಲು ತರುವಾಗ ಮೀಟರ್ ನೋಡಿ, ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲಿ ಬರೆಯುವುದು. ನಮ್ಮ ಮೀಟರ್ ಮೇಲೆ 3200 ಅಂತಿದೆ. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಎಲ್ಲ ಆರಿಸಿ, ಕೂಲರ್ ಒಂದನ್ನೇ ಬಿಟ್ಟು ಎಣಿಸಿದೆವು. ನಿಮಿಷಕ್ಕೆ 11. ಅಂದರೆ ಸುಮಾರು 200 ವ್ಯಾಟ್, ಐದು ತಾಸಿಗೆ ಒಂದು ಯೂನಿಟ್. ಬೋರ್ ಮೋಟರ್ ಹಾಕಿದಾಗ ಸೆಕೆಂಡಿಗೊಂದು ಮಿನುಗತೊಡಗಿತು. “ಇದೇನೋ, ಹಿಂಗ್ ಓಡ್ಲಕತ್ತದ!” ಅಂದಳು ಅವ್ವ. ಅವತ್ತಿನಿಂದ ನಮ್ಮ ಟ್ಯಾಂಕ್ ತುಂಬಿ ಹರಿದಿಲ್ಲ.

ಆದರೆ ರಾತ್ರಿಯಿಡೀ ಯಾವುದು ತಿನ್ನುತ್ತದೆ ಅಂತ ಕ್ಯಾಲೆಂಡರ್ ಹೇಳುವುದಿಲ್ಲ. ಅದಕ್ಕೆ 16 ಆ್ಯಂಪಿನ ಸ್ಮಾರ್ಟ್ ಪ್ಲಗ್ ತಂದು ಒಂದೊಂದಕ್ಕೇ ಹಾಕಿದೆ. ಅದಕ್ಕೆ ಸಿಕ್ಕಿಸಿದ್ದು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಫೋನಿನಲ್ಲಿ ತೋರಿಸುತ್ತದೆ. ಕಳ್ಳ ಕೂಲರ್ ಅಲ್ಲ, ಹಳೇ ಫ್ರಿಜ್! ಬಾಗಿಲಿನ ರಬ್ಬರ್ ಸಡಿಲಾಗಿತ್ತು. ಬದಲಿಸಿದೆವು. ಆಮೇಲೆ ಪ್ಲಗ್ಗಿಗೆ ಕೆಲಸವಿಲ್ಲ, ಡ್ರಾಯರಿನಲ್ಲಿದೆ. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿ. ಅವ್ವ ಮುಟ್ಟಲೇ ಇಲ್ಲ.

ಮೂರನೆಯದು ಅಕ್ಕನ ಹೊಸ ಮನೆಯ ಸ್ಮಾರ್ಟ್ ಮೀಟರ್. ಯಾವ ಹೊತ್ತಿಗೆ ಎಷ್ಟು ಎಳೆಯಿತು ಅಂತ ತಾನೇ ಬರೆದಿಟ್ಟು ಕಳಿಸುತ್ತದೆ. ಮೂರರಲ್ಲಿ ಜಾಣ ಇದೇ, ಅನುಮಾನವಿಲ್ಲ. ಆದರೆ ಕನೆಕ್ಷನ್ ಕೊಡುವಾಗ ಭಾವನ ನಂಬರ್ ಹಾಕಿದ್ದಾರೆ. ಭಾವ ಇರುವುದು ಪುಣೆಯಲ್ಲಿ. ಓಟಿಪಿ ಅಲ್ಲಿಗೆ, ಗ್ರಾಫ್ ಅಲ್ಲಿಗೆ. ಮಿಕ್ಸಿ, ಮೋಟರ್, ಕೂಲರ್ ಹಾಕುವ ಅಕ್ಕನಿಗೆ ಏನೂ ಕಾಣಿಸುವುದಿಲ್ಲ! ಮೀಟರ್ ಹಾಕಲು ಬಂದವರು ಗೋಡೆಗೆ ಕೂರಿಸಿ ಸಹಿ ತಗೊಂಡು ಹೋದರು. ಐದು ನಿಮಿಷ ನಿಂತು, ಮನೆಯಲ್ಲಿ ಇರುವವರ ಫೋನಿಗೆ ಆ್ಯಪ್ ಹಾಕಿ ತೋರಿಸಬಹುದಿತ್ತು, ಅಲ್ವಾ?

ಭಾವ ಭಾನುವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದು ಸುಮ್ನೆ ಜಗಳಕ್ಕೆ ದಾರಿ. ನಂಬರ್ ಬದಲಿಸಲು ಅರ್ಜಿ ಕೊಟ್ಟಿದ್ದೇವೆ. ಅಲ್ಲಿಯತನಕ ಅಕ್ಕ ಸ್ಮಾರ್ಟ್ ಮೀಟರ್ ಮುಂದೆ ಪೆನ್ ಹಿಡಿದು ನಿಲ್ಲುತ್ತಾಳೆ. ಪರದೆಯಲ್ಲಿ ತಾರೀಖು, ಟೈಮು, ವೋಲ್ಟೇಜ್ ಎಲ್ಲ ಸರಿದು ಯೂನಿಟ್ ಬರುವವರೆಗೆ ಕಾಯ್ದು, ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಾಳೆ.