ಮೂರು ಜಪಾನಿ ಕೃತಿಗಳು: ಮೊದಲು ಯಾವುದನ್ನು ಓದಬೇಕು?

ಜಪಾನಿನ ಅಭಿಜಾತ ಸಾಹಿತ್ಯವನ್ನು ಓದಬೇಕೆಂದು ಹೊರಟವರು ಸಾಮಾನ್ಯವಾಗಿ ‘ಗೆಂಜಿ ಮೊನೊಗತಾರಿ’ಯನ್ನು ಕೈಗೆತ್ತಿಕೊಳ್ಳುತ್ತಾರೆ. 54 ಅಧ್ಯಾಯಗಳ ಆ ಬೃಹತ್ ಕಥನದಲ್ಲಿ ಪಾತ್ರಗಳನ್ನು ಹೆಸರಿಗಿಂತ ಪದವಿಯಿಂದಲೇ ಗುರುತಿಸಬೇಕಾಗುವುದರಿಂದ ಹೊಸಬರಿಗೆ ದಾರಿ ತಪ್ಪುವುದು ಸಹಜ. ನಮ್ಮ ಲಲಿತ ಪ್ರಬಂಧಕ್ಕೆ ಹತ್ತಿರವಾದ ‘ಜುಯ್‌ಹಿತ್ಸು’ ಪ್ರಕಾರದಿಂದ ಆರಂಭಿಸುವುದು ಮೇಲೆಂದು ನನಗೆ ಅನಿಸಿದೆ. ಈ ಪ್ರಕಾರದ ಮೂರು ಮುಖ್ಯ ಕೃತಿಗಳನ್ನೂ ನಾನು ಮೆರೆಡಿತ್ ಮೆಕಿನ್ನಿಯವರ ಇಂಗ್ಲಿಷ್ ಅನುವಾದದಲ್ಲೇ ಓದಿದ್ದರಿಂದ, ಅವುಗಳ ದನಿಗಳನ್ನು ಹೋಲಿಸುವುದು ಸುಲಭವಾಯಿತು.

ಸೆಯ್ ಶೋನಗೋನ್ ಸುಮಾರು 1000ನೇ ಇಸವಿಯ ಹೊತ್ತಿಗೆ ಬರೆದ ‘ಮಕುರಾ ನೊ ಸೋಶಿ’ ಮೊದಲ ಪುಟದಿಂದಲೇ ಮನಸ್ಸನ್ನು ಸೆಳೆಯುತ್ತದೆ. ತುರ್ತು ಕೆಲಸವಿರುವಾಗಲೇ ಬಂದು ಕೂತು ಹರಟುವ ಅತಿಥಿ, ಮಸಿ ತೇಯುವ ಕಲ್ಲಿಗೆ ಸಿಕ್ಕಿಕೊಂಡ ಕೂದಲು ಮುಂತಾಗಿ ಆಕೆ ಪಟ್ಟಿ ಮಾಡುವ ಕಿರಿಕಿರಿಗಳು ಇಂದಿಗೂ ನಮ್ಮವೇ. ಆದರೆ ಉಡುಪಿನ ಬಣ್ಣಗಳು, ದರ್ಬಾರಿನ ಪದವಿಗಳು, ಚೀನೀ ಕವಿತೆಗಳ ಸೂಚನೆಗಳು ಬಂದಾಗಲೆಲ್ಲ ಟಿಪ್ಪಣಿಗಳ ಮೊರೆಹೋಗಬೇಕಾಗುತ್ತದೆ. ಇನ್ನೂ ಒಂದು ತೊಡಕಿದೆ. ಆಕೆ ಸೇವೆಯಲ್ಲಿದ್ದ ಸಾಮ್ರಾಜ್ಞಿ ತೇಶಿ 995ರಲ್ಲಿ ತಂದೆಯನ್ನು ಕಳೆದುಕೊಂಡಳು, ಮನೆತನದ ಅಧಿಕಾರ ಕುಸಿಯಿತು, ಇಪ್ಪತ್ತರ ಹರೆಯದಲ್ಲೇ ಹೆರಿಗೆಯ ಬೆನ್ನಿಗೆ ಅವಳೂ ತೀರಿಕೊಂಡಳು. ಕೃತಿ ಈ ದುಃಖವನ್ನು ಬಹುಮಟ್ಟಿಗೆ ಹೇಳದೆಯೇ ಬಿಡುತ್ತದೆ. ಇದನ್ನು ತಿಳಿದು ಓದಿದವರಿಗೆ ಅಲ್ಲಿನ ಪ್ರತಿಯೊಂದು ನಗುವೂ ಬೇರೆಯಾಗಿ ಕೇಳಿಸುತ್ತದೆ. ತಿಳಿಯದಿದ್ದವರಿಗೆ ಅದು ಬರಿಯ ಚೆಲುವಾದ ಹರಟೆಯಾಗಿ ಉಳಿದುಬಿಡಬಹುದು.

ಉಳಿದೆರಡರ ನಡುವೆ ಆರಿಸುವುದು ನನಗೆ ಕಷ್ಟವಾಯಿತು. ಕಾಮೊ ನೊ ಚೋಮೆಯ್ 1212ರಲ್ಲಿ ಬರೆದ ‘ಹೋಜೋಕಿ’ಯನ್ನು ಒಂದೇ ಸಲ ಕೂತು ಮುಗಿಸಬಹುದು. ಸುಮಾರು 1330ರಲ್ಲಿ ಕೆಂಕೋ ಬರೆದ ‘ತ್ಸುರೆಜುರೆಗುಸ’ದಲ್ಲಿ 243 ಬಿಡಿ ತುಣುಕುಗಳಿವೆ. ಇಬ್ಬರೂ ಲೋಕವನ್ನು ಬಿಟ್ಟ ಭಿಕ್ಷುಗಳೇ, ಇಬ್ಬರಿಗೂ ಅನಿತ್ಯತೆಯೇ ಮೂಲ ಚಿಂತೆ. ಕೆಂಕೋ ಮರ ಹತ್ತುವುದರಲ್ಲಿ ನುರಿತವನೊಬ್ಬನ ಪ್ರಸಂಗವನ್ನು ಹೇಳುತ್ತಾನೆ: ಶಿಷ್ಯ ತುದಿಯಲ್ಲಿದ್ದಷ್ಟು ಹೊತ್ತು ಅವನು ಸುಮ್ಮನಿದ್ದು, ಸೂರಿನ ಎತ್ತರಕ್ಕೆ ಇಳಿದಾಗ ಮಾತ್ರ ‘ಜೋಪಾನ’ ಎನ್ನುತ್ತಾನೆ, ಏಕೆಂದರೆ ಮನುಷ್ಯ ಎಡವುವುದು ಅಪಾಯ ಕಳೆಯಿತೆಂದು ಭಾವಿಸಿದಾಗಲೇ. ಇಂಥ ತುಣುಕುಗಳು ಮುತ್ತಿನಂಥವು. ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಿದರೆ, ನಡುನಡುವೆ ಬರುವ ಹಳೆಯ ದರ್ಬಾರಿನ ವಿಧಿವಿವರಗಳಲ್ಲಿ ಆಸಕ್ತಿ ಸೋರಿಹೋಗುತ್ತದೆ.

‘ಹೋಜೋಕಿ’ಯಲ್ಲಿ ಹಾಗೆ ಸೋರಲು ಎಡೆಯೇ ಇಲ್ಲ. 1177ರ ಬೆಂಕಿ, 1180ರ ಸುಂಟರಗಾಳಿ ಮತ್ತು ರಾಜಧಾನಿಯ ಸ್ಥಳಾಂತರ, ಅದರ ಬೆನ್ನಿಗೆ ಬಂದ ಕ್ಷಾಮ, 1185ರ ಭೂಕಂಪ ಇವೆಲ್ಲವನ್ನೂ ಚೋಮೆಯ್ ಕಣ್ಣಾರೆ ಕಂಡವನಾಗಿ ವರದಿ ಮಾಡುತ್ತಾನೆ. ಕ್ಷಾಮದಲ್ಲಿ ಹೆಚ್ಚು ಪ್ರೀತಿಸಿದವರೇ ಮೊದಲು ಸತ್ತರು, ಏಕೆಂದರೆ ಸಿಕ್ಕ ತುತ್ತನ್ನು ಅವರು ಮತ್ತೊಬ್ಬರಿಗೆ ಕೊಟ್ಟಿದ್ದರು ಎನ್ನುತ್ತಾನೆ. ನಿನ್ನಾಜಿ ಎಂಬ ಬೌದ್ಧ ದೇವಾಲಯದ ಭಿಕ್ಷುವೊಬ್ಬ ಬೀದಿಯ ಹೆಣಗಳ ಹಣೆಯ ಮೇಲೆ ಸಂಸ್ಕೃತದ ‘ಅ’ ಅಕ್ಷರವನ್ನು ಬರೆಯುತ್ತ ಹೋಗಿ, ಎರಡು ತಿಂಗಳಲ್ಲಿ 42,300ಕ್ಕೂ ಹೆಚ್ಚು ಹೆಣಗಳನ್ನು ಎಣಿಸಿದನೆಂಬ ವಿವರವನ್ನು ಓದಿ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡಬೇಕಾಯಿತು. ಭೂಕಂಪವಾದ ಹೊಸತರಲ್ಲಿ ಬದುಕಿನ ನಿಸ್ಸಾರತೆಯ ಬಗ್ಗೆ ಮಾತನಾಡಿದವರು ವರ್ಷಗಳು ಕಳೆದಂತೆ ಅದರ ಸುದ್ದಿಯನ್ನೇ ಎತ್ತಲಿಲ್ಲ ಎಂದೂ ಅವನು ಬರೆದಿದ್ದಾನೆ. ಮಹಾಮಾರಿಯೊಂದನ್ನು ದಾಟಿ ಬಂದ ನಮ್ಮ ಪೀಳಿಗೆಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಗುಡಿಸಲಿನ ವಿಷಯದಲ್ಲಿ ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನ್ನ ಆಯ್ಕೆ ನಿಶ್ಚಿತವಾಯಿತು. ಪಾಚಿಗಟ್ಟಿದ ಹಾದಿಯ ಕೊನೆಯಲ್ಲಿ ಏಕಾಂತದ ಮನೆಯೊಂದನ್ನು ಕಂಡು ಮೆಚ್ಚಿದ ಕೆಂಕೋ, ಅಂಗಳದ ಕಿತ್ತಳೆ ಮರದ ಸುತ್ತ ಭದ್ರವಾಗಿ ಹಾಕಿದ ಬೇಲಿಯನ್ನು ನೋಡಿ ನಿರಾಶನಾಗುತ್ತಾನೆ. ಅದು ಮತ್ತೊಬ್ಬರ ಆಸೆಯ ಮೇಲೆ ಕೊಟ್ಟ ನವಿರಾದ ತೀರ್ಪು. ಚೋಮೆಯ್ ಎರಡು ಬಂಡಿಗಳಲ್ಲಿ ಸಾಗಿಸಬಹುದಾದ ತನ್ನ ಹತ್ತು ಅಡಿ ಚೌಕದ ಗುಡಿಸಲನ್ನು ಮನಸಾರೆ ಹೊಗಳಿ, ಕೊನೆಗೆ ಆ ಪ್ರೀತಿಯೂ ಮೋಹವಲ್ಲವೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ; ಅವನ ಮನಸ್ಸು ಉತ್ತರಿಸುವುದಿಲ್ಲ. ಆದ್ದರಿಂದ ಮೊದಲು ‘ಹೋಜೋಕಿ’ಯನ್ನೇ ಓದಬೇಕೆಂದು ಹೇಳುತ್ತೇನೆ. ಆಮೇಲೆ ಕೆಂಕೋವಿನತ್ತ ಹೋಗುವವರು ಬೇಲಿಯ ಪ್ರಸಂಗವಿರುವ 11ನೇ ತುಣುಕಿನಿಂದಲೇ ಆರಂಭಿಸಿ, ದಿನಕ್ಕೆ ಮೂರೋ ನಾಲ್ಕೋ ತುಣುಕುಗಳಂತೆ ಓದಿದರೆ ಸಾಕು.